ಇಪ್ಪತ್ತೊಂದು ಹಣೆ

ಮೂರು ವರ್ಷ ನಾನು ಗಂಗಾವತಿಯ ಒಂದು ಕೋಣೆಯಲ್ಲಿ ಕೂತು ರೀಲ್ಸ್ ಕತ್ತರಿಸಿದ್ದೇನೆ. ಕತ್ತರಿಸುವುದು ಎಂದೇ ಹೇಳುತ್ತೇನೆ. ಎಡಿಟಿಂಗ್ ಎಂದರೆ ಅದಕ್ಕೊಂದು ಮರ್ಯಾದೆ ಬಂದುಬಿಡುತ್ತದೆ. ಮನುಷ್ಯರು ಉಸಿರು ತೆಗೆದುಕೊಳ್ಳುವ ಜಾಗ, ತಡವರಿಸುವ ಜಾಗ, ಕೆಮ್ಮುವ ಜಾಗ, ಸೆರಗಿನಿಂದ ಮುಖ ಒರೆಸಿಕೊಳ್ಳುವ ಜಾಗ ಎಲ್ಲವನ್ನೂ ಕಿತ್ತುಹಾಕಿ ಒಬ್ಬರನ್ನು ನಲವತ್ತು ಸೆಕೆಂಡಿಗೆ ಇಳಿಸುವುದು ನನ್ನ ಕೆಲಸವಾಗಿತ್ತು. ಮೊದಲ ಎರಡು ಸೆಕೆಂಡಿನಲ್ಲಿ ನೋಡುವವನ ಹೆಬ್ಬೆರಳು ನಿಲ್ಲಬೇಕು. ನಿಲ್ಲದಿದ್ದರೆ ತಪ್ಪು ನನ್ನದು. ಕಂಡರಿಯದ ಆ ಹೆಬ್ಬೆರಳಿನ ಮೇಲೆ ನನಗೆ ಹುಟ್ಟಿದ ಸಿಟ್ಟು ಇನ್ನೂ ಇಳಿದಿಲ್ಲ.

ಮಾಲೀಕ ಮೊದಲು ಮದುವೆಗಳಲ್ಲಿ ಫೋಟೊ ತೆಗೆಯುತ್ತಿದ್ದವನು. ಅತ್ತು ಕಣ್ಣು ಊದಿಸಿಕೊಂಡ ಮದುಮಗಳಿಗೆ ‘ಸ್ವಲ್ಪ ನಗ್ರಿ’ ಎಂದು ಹೇಳಿ ಹೇಳಿ ರೂಢಿಯಾದ ನಾಲಿಗೆ. ಫೋಟೊಗೆ ಗಿರಾಕಿ ಕಡಿಮೆಯಾದ ಮೇಲೆ ಆರು ಪೇಜುಗಳನ್ನು ತೆರೆದ. ಒಂದರಲ್ಲಿ ಮನೆಮದ್ದು, ಒಂದರಲ್ಲಿ ಟ್ರ್ಯಾಕ್ಟರ್, ಹೀಗೆ. “ದಿನಾ ಮುಂಜಾನೆ ಏಳಕ್ಕ ಒಂದು ವಿಡಿಯೊ ಬೀಳಬೇಕ್ರಿ ಮೇಡಂ. ಒಂದಿನ ತಪ್ಪಿದ್ರ ಪೇಜ್ ಸತ್ತಂಗ,” ಎಂದು ವಾರಕ್ಕೆರಡು ಸಲ ನನಗೆ ಪಾಠ ಮಾಡುತ್ತಿದ್ದ. ದಿನಾ ಬೀಳುವುದನ್ನು ದಿನಾ ಮಾಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ತಿಂಗಳಿಗೊಂದು ಭಾನುವಾರ ಹೋಗಿ ಮೂವತ್ತು ವಿಡಿಯೊ ಒಟ್ಟಿಗೆ ತೆಗೆಯುವುದು. ಆರು ಸೀರೆ, ಒಂದೊಂದು ಸೀರೆಯಲ್ಲಿ ಐದು. ನಾನು ಅವನ್ನು ಕತ್ತರಿಸಿ, ಕೆಳಗೆ ಹಳದಿ ಅಕ್ಷರ ಕೂರಿಸಿ, ಒಂದೇ ಸೀರೆ ಎರಡು ದಿನ ಸಾಲಾಗಿ ಬರದಂತೆ ಕಲಸಿ, ಇಡೀ ತಿಂಗಳಿನದನ್ನು ದಿನಾ ಏಳಕ್ಕೆ ತಾನಾಗಿಯೇ ಬೀಳುವಂತೆ ಮೊದಲೇ ಶೆಡ್ಯೂಲಿಗೆ ಹಾಕಿಡುತ್ತಿದ್ದೆ. ನೋಡುವವರು ಆಕೆ ದಿನಾ ಎದ್ದು, ಮಿಂದು, ತಮಗಾಗಿಯೇ ಬಂದು ಕೂತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಆಕೆ ಎಂದೆನಲ್ಲ, ಅದು ನನ್ನ ಚಿಗವ್ವ, ನನ್ನ ಅವ್ವನ ತಂಗಿ. ತಳಕಲ್ಲಿನಲ್ಲಿ ಮನೆ, ಒಣಭೂಮಿಯ ಹೊಲ. ಆರರಲ್ಲಿ ಹೆಚ್ಚು ಓಡುತ್ತಿದ್ದದ್ದು ಅವಳ ಪೇಜು. ರೊಟ್ಟಿ ಬಡಿಯುತ್ತ ಊರನ್ನೆಲ್ಲ ಬೈಯುವುದು, ಇಷ್ಟೇ. “ಫೋನಿನ್ಯಾಗ ಮಕ ಇಟಗೊಂಡು ಕುಂತ್ರ ಎಸರು ತಾನಾ ಕುದೀತೈತೇನು?” ಎನ್ನುವಳು. “ಉಪ್ಪಿಟ್ಟಿಗೆ ಸಕ್ಕರಿ ಹಾಕೋರ ಮನಿಗೆ ಹೆಣ್ಣ ಕೊಡಬ್ಯಾಡ್ರಿ,” ಎನ್ನುವಳು. ಇದನ್ನೆಲ್ಲ ಅವಳು ನಮ್ಮ ಎದುರು ಮೊದಲಿನಿಂದ ಹೇಳುತ್ತಿದ್ದಳು. ಅದರಲ್ಲಿ ಒಂದನ್ನು ಫೋನಿನಲ್ಲಿ ತೆಗೆದು ಮಾಲೀಕನಿಗೆ ತೋರಿಸಿದವಳು ನಾನೇ. ಅದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಚಿಗವ್ವ ಕುಂಕುಮ ದೊಡ್ಡದಾಗಿ ಇಡುತ್ತಿದ್ದಳು. ಸಣ್ಣ ಪರದೆಯಲ್ಲಿ ಕಾಣಲಿ ಎಂದು ಇನ್ನೂ ದೊಡ್ಡದಾಗಿ ಇಡಲು ಹೇಳಿದವಳೂ ನಾನೇ. ಪೇಜಿನ ಗುರುತಿಗೂ ಆ ಕೆಂಪು ಬೊಟ್ಟನ್ನೇ ಮಾಡಿಕೊಂಡೆವು. ಸೀರೆ ಆರು ಸಲ ಬದಲಾದರೂ ಹಣೆ ಮಾತ್ರ ಮೂವತ್ತರಲ್ಲೂ ಒಂದೇ. ಮನೆಯಲ್ಲಿದ್ದ ಪ್ಲಾಸ್ಟಿಕ್ ಕೊಡಗಳನ್ನು ಹಿತ್ತಲಿಗೆ ಸಾಗಹಾಕಿ ಮಾಲೀಕ ಗಂಗಾವತಿಯಿಂದ ಒಂದು ಹಿತ್ತಾಳೆ ಕೊಡ ತಂದು ಅವಳ ಬೆನ್ನ ಹಿಂದೆ ಇಟ್ಟಿದ್ದ. “ಹಳ್ಳಿ ಹಳ್ಳಿ ಅನಸಬೇಕ್ರಿ,” ಎಂದಿದ್ದ. ಹಳ್ಳಿಯಲ್ಲೇ ನಿಂತು ಆಡಿದ ಮಾತು ಇದು. ಶೂಟಿಂಗ್ ದಿನ ಆ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಕಾಕಾನ ಕೆಲಸ. ಕಾಕಾ ಎಂದರೆ ಚಿಗವ್ವನ ಗಂಡ. ತಿಕ್ಕಿಟ್ಟು, ಕೋಳಿಗಳನ್ನು ದೂರ ಅಟ್ಟಿ, ಸದ್ದಾಗಬಾರದೆಂದು ಹೊರಗಿನ ಕಟ್ಟೆಯ ಮೇಲೆ ಸಂಜೆವರೆಗೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ. ತನ್ನ ಮನೆಯಲ್ಲಿ ತಾನೇ ಕೆಮ್ಮುವ ಹಾಗಿರಲಿಲ್ಲ.

ಆ ತಿಂಗಳ ಮೂವತ್ತರಲ್ಲಿ ಎಂಟು ಹೋಗಿದ್ದವು. ಒಂಬತ್ತನೆಯ ದಿನ ಬೆಳಗಿನ ಐದಕ್ಕೆ ಕಾಕಾ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ನಾನು ಕೈಗೆ ಸಿಕ್ಕ ಬಸ್ಸು ಹತ್ತಿದೆ. ಕೊಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಏಳಾಯಿತು. ಶೆಡ್ಯೂಲ್ ನಿಲ್ಲಿಸಬೇಕೆಂಬುದು ನನ್ನ ತಲೆಗೇ ಬರಲಿಲ್ಲ. ಫೋನು ಟಣ್ ಎಂದಿತು. ಒಂಬತ್ತನೆಯದು ಬಿದ್ದಿತ್ತು. ನೀಲಿ ಸೀರೆಯ ಚಿಗವ್ವ ರೊಟ್ಟಿ ತಿರುವುತ್ತ ನಗುತ್ತಿದ್ದಳು: “ಗಂಡ ಅನ್ನಾವ ಮನ್ಯಾಗಿದ್ರ ಕಾಟಾ ರೀ. ನಮ್ಮಾವನ್ನ ಯಾರರ ಒಂದು ತಿಂಗಳ ಕರ್ಕೊಂಡು ಹೋಗ್ರಿ, ಪುಣ್ಯಾ ಬರತೈತಿ.”

ಬಸ್ ನಿಲ್ದಾಣದಲ್ಲೇ ಅದನ್ನು ಅಳಿಸಿದೆ, ಉಳಿದವನ್ನು ತಡೆದೆ. ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿದ್ದರು. ಊರಿನವರಲ್ಲೇ ಯಾರೋ ಅದರ ಕೆಳಗೆ ಬರೆದಿದ್ದರು, ಈಕೆಯ ಗಂಡ ಇವತ್ತೇ ತೀರಿದ್ದಾನೆ ಎಂದು. ಆಮೇಲೆ ಹಳೆಯ ವಿಡಿಯೊಗಳ ಕೆಳಗೆಲ್ಲ ಕೆಸರು ಬಿತ್ತು. ಗಂಡನ ಹೆಣ ಅಂಗಳದಲ್ಲಿದ್ದರೂ ಕುಂಕುಮ ಇಟ್ಟು ಹಲ್ಲು ಕಿಸಿಯುತ್ತಾಳೆ, ಇಂಥವಳನ್ನು ಊರು ಬಿಡಿಸಬೇಕು, ಹೀಗೆ. ನಿನ್ನೆಯವರೆಗೆ ‘ಅವ್ವಾ, ನಿನ್ನ ರೊಟ್ಟಿ ತಿನ್ನಬೇಕು’ ಎಂದು ಬರೆಯುತ್ತಿದ್ದವರೇ ಇವರು. ಒಬ್ಬೊಬ್ಬರ ಮುಖ ನೋಡಿ ಉಗಿಯಬೇಕೆನ್ನಿಸಿತು, ಆದರೆ ಅವರಿಗೆ ಮುಖವೇ ಇರಲಿಲ್ಲ.

ಮಣ್ಣು ಮುಗಿಸಿ ಮರುದಿನ ನಾನು ಗಂಗಾವತಿಗೆ ಬಂದೆ. ಚಿಗವ್ವನ ಹತ್ತಿರ ಇರಬೇಕಿತ್ತು, ಬಂದೆ. ಮಾಲೀಕ ಮೂರು ದಿನ ಸುಮ್ಮನಿದ್ದ. ಅದನ್ನೇ ದೊಡ್ಡ ಉಪಕಾರವೆಂಬಂತೆ ನಾಲ್ಕನೆಯ ದಿನ ಎದುರು ಕೂತು ಹೇಳಿದ, “ಇಪ್ಪತ್ತೊಂದು ರೆಡಿ ಅದಾವ್ರಿ. ಹಂಗ ಬಿಡಾಕ ಆಗೂದಿಲ್ಲ. ಕುಂಕುಮ ಒಂದು ತಗದ್ರ ಯಾರೂ ಏನೂ ಅನ್ನೂದಿಲ್ಲ.”

“ಹೆಂಗ್ ತಗೀಬೇಕ್ರಿ?”

“ಮೊಡವಿ ತಗಿಯಂಗಿಲ್ಲೇನು ನೀವು? ಹಂಗ.”

ನಾನು ಆಗದು ಎಂದೆ. ನಿಜವಾಗಿ ಎಂದೆ. ಆದರೆ ಅದೇ ಮಧ್ಯಾಹ್ನ ಚಿಗವ್ವನ ಭಾವ ಫೋನು ಮಾಡಿದ. ಕಾಕಾನ ಅಣ್ಣ, ಆ ಮನೆಯ ಹಿರಿಯ. “ನೋಡವಾ, ಆ ಕುಂಕುಮದ ಆಟಾ ಬಂದ್ ಮಾಡಿಸು. ಮನಿ ಮಾನ ಬೀದಿಗೆ ಬಂದೈತಿ. ಒಂಬತ್ತರ ದಿನಾ ಎಲ್ಲಾ ಪದ್ಧತಿ ಪ್ರಕಾರ ಆಗತೈತಿ, ಆಮ್ಯಾಲ ನಿನ್ನ ಫೋನಿನ್ಯಾಗೂ ಹಂಗ ಇರಬೇಕು,” ಎಂದ. ಆ ಮನೆಯಲ್ಲಿ ಒಂಬತ್ತನೆಯ ದಿನ ಹೆಂಗಸರು ಕೂಡಿ ಹೆಂಡತಿಯ ಬಳೆ ಒಡೆದು ಕುಂಕುಮ ಒರೆಸುತ್ತಾರೆ. ನನಗೆ ಅದು ಗೊತ್ತಿತ್ತು. ಹೇಗೂ ಅಳಿಸುತ್ತಾರಲ್ಲ, ನಾನೂ ಅಳಿಸಿದರೆ ಅವಳನ್ನು ಬೈಯುವವರ ಬಾಯಿಯಾದರೂ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡೆ. ಒಬ್ಬ ಹೆಂಗಸಿನ ಹಣೆಯ ಬಗ್ಗೆ ಇಬ್ಬರು ಗಂಡಸರ ಜೊತೆ ಮಾತಾಡಿದೆ, ಅವಳನ್ನು ಒಂದು ಮಾತು ಕೇಳಲಿಲ್ಲ.

ಅಳಿಸುವುದು ಸಲೀಸಲ್ಲ. ಕೆಂಪಿನ ಮೇಲೆ ಪಕ್ಕದ ಚರ್ಮದ ತುಣುಕೊಂದನ್ನು ತಂದು ಕೂರಿಸಬೇಕು. ಅವಳು ತಲೆ ಆಡಿಸಿದಂತೆ ಆ ತುಣುಕೂ ಆಡಬೇಕು. ಚಿಗವ್ವ ಸುಮ್ಮನೆ ಕೂತು ಮಾತಾಡುವವಳೇ ಅಲ್ಲ; ರೊಟ್ಟಿ ಎತ್ತಲು ಬಾಗಿದರೆ ಕುಂಕುಮ ಜಾರಿ ಹುಬ್ಬಿನ ಹತ್ತಿರ ಹಣಿಕುತ್ತಿತ್ತು, ನಕ್ಕರೆ ತುಣುಕಿನ ಅಂಚಿನಿಂದ ಹೊರಬರುತ್ತಿತ್ತು. ಒಂದೊಂದು ಚಿತ್ರವನ್ನೂ ನಿಲ್ಲಿಸಿ, ದೊಡ್ಡದು ಮಾಡಿ, ಒರೆಸಿದೆ. ಬಳೆಗಳ ಸದ್ದು ಕೇಳಿಸಿದ ಕಡೆಯೆಲ್ಲ ಅದನ್ನು ತಗ್ಗಿಸಿದೆ. ಐದು ದಿನ ಹಿಡಿಯಿತು. ಐದನೆಯ ದಿನವೇ ತಳಕಲ್ಲಿನಲ್ಲಿ ಒಂಬತ್ತರ ಕಾರ್ಯ. ಕೆಲಸ ಉಳಿದಿದೆ ಎಂದು ನಾನು ಹೋಗಲಿಲ್ಲ. ಮಧ್ಯಾಹ್ನ ಇಪ್ಪತ್ತೊಂದನೆಯದನ್ನು ಮುಗಿಸಿ, ಕುಂಕುಮವಿದ್ದ ಮೂಲ ವಿಡಿಯೊಗಳನ್ನು ಕಂಪ್ಯೂಟರಿನಲ್ಲಿ ಜಾಗ ತಿನ್ನುತ್ತವೆಂದು ಎಂದಿನಂತೆ ಅಳಿಸಿಹಾಕಿ, ಕೈ ತೊಳೆದು ಊಟಕ್ಕೆ ಕೂತೆ.

ಮರುದಿನ ಏಳಕ್ಕೆ ಬೋಳುಹಣೆಯ ಚಿಗವ್ವ ಹೊರಬಿದ್ದಳು. ಮಾಲೀಕ ತಾನೇ ತಲೆಬರಹ ಬರೆದಿದ್ದ: ‘ನೋವು ನುಂಗಿ ನಗುವ ನಮ್ಮವ್ವ’. ಜನ ಕಣ್ಣೀರಿನ ಗುರುತುಗಳನ್ನು ಸುರಿದರು. ಈಗ ಲಕ್ಷಣವಾಗಿದೆ ಎಂದು ಒಬ್ಬ ಬರೆದ. ನೂರಾರು ಜನ ಅದನ್ನು ಮೆಚ್ಚಿದರು.

ಮೂರನೆಯದು ಬಿದ್ದ ದಿನ ನಾನು ತಳಕಲ್ಲಿಗೆ ಹೋದೆ. ಚಿಗವ್ವ ಅಡುಗೆಮನೆಯಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನನ್ನ ಕಡೆ ತಿರುಗಿದಳು. ಹಣೆಯ ಮೇಲೆ ಕುಂಕುಮ ಇತ್ತು. ಎಂದಿಗಿಂತ ದೊಡ್ಡದಿತ್ತು. ಕೈಯಲ್ಲಿ ಬಳೆಗಳಿದ್ದವು, ಮುಂಗೈಯ ಮೇಲೆ ಯಾರದೋ ಉಗುರು ಗೀರಿದ ಗಾಯವಿತ್ತು.

ನಾನು ಬಾಗಿಲಲ್ಲೇ ನಿಂತೆ. ಅವಳು ಕೂರು ಎನ್ನಲಿಲ್ಲ. ರೊಟ್ಟಿ ಹಂಚಿಗೆ ಹಾಕಿ ಹೇಳಿದಳು, “ಎಂಟು ಮಂದಿ ಬಂದಿದ್ರವಾ ಅವತ್ತು. ಇಬ್ಬರು ಕೈ ಹಿಡದ್ರು, ಒಬ್ಬಾಕಿ ತಲಿ ಹಿಡದ್ಲು. ಈ ಕುಂಕುಮ ನನ್ನ ಗಂಡ ಹಚ್ಚಿದ್ದಲ್ಲ, ನಾ ಸಣ್ಣಾಕಿದ್ದಾಗ ನಮ್ಮವ್ವ ಹಚ್ಚಿದ್ದು, ಅಳಸಬೇಕಂದ್ರ ಆಕಿ ಬಂದು ಅಳಸಲಿ ಅಂದೆ. ಅವರಿಗೆ ಸಾಕಾತು, ಎದ್ದು ಹ್ವಾದ್ರು. ನಾನ ಗೆದ್ದೆ ಅನಕೊಂಡಿದ್ದೆ.”

“ಚಿಗವ್ವಾ, ನನಗ ಗೊತ್ತಿರಲಿಲ್ಲ...”

“ಮರುದಿನ ಮುಂಜಾನೆ ಭಾವ ಫೋನ್ ಹಿಡಕೊಂಡು ಅಂಗಳಕ್ಕ ಬಂದ. ಓಣಿ ಮಂದಿನ್ನೆಲ್ಲಾ ಕರದು ತೋರಿಸಿದ. ನೋಡ್ರಿ, ಫೋನಿನ್ಯಾಗ ಮಂದಿ ಮುಂದ ತಾನಾ ಅಳಸಿಕೊಂಡು ಕುಂತಾಳ, ಮನ್ಯಾಗ ನಮ್ಮ ಮುಂದ ನಾಟಕ ಮಾಡ್ತಾಳ ಅಂದ.” ರೊಟ್ಟಿ ತಿರುವಿದಳು. “ಎಂಟು ಮಂದಿ ಕೂಡಿ ಆಗಲಿಲ್ಲವಾ. ನೀ ಒಬ್ಬಾಕೀನ ಕುಂತು ತಗದಿ.”

ನಿನ್ನ ಒಳ್ಳೆಯದಕ್ಕೆ ಎಂಬ ಮಾತು ಗಂಟಲವರೆಗೆ ಬಂದಿತ್ತು, ಅಲ್ಲಿಯೇ ಹೇಸಿಕೆಯಾಯಿತು. ತೆಗೆಸುತ್ತೇನೆ, ಎಲ್ಲವನ್ನೂ ತೆಗೆಸುತ್ತೇನೆ ಎಂದೆ. ಅವಳು ಹಿಟ್ಟು ನಾದತೊಡಗಿದಳು, ಮತ್ತೆ ನನ್ನ ಕಡೆ ನೋಡಲಿಲ್ಲ. ತಿಂಗಳಾನುಗಟ್ಟಲೆ ಊರನ್ನೆಲ್ಲ ಬೈದ ಬಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಲ್ಲಿಯೇ ಕೂತು ಅಳುತ್ತಿದ್ದೆ.

ಗಂಗಾವತಿಗೆ ಬಂದು ಮಾಲೀಕನ ಎದುರು ಕೂಗಾಡಿದೆ. ಅವನು ಚಹಾ ಕುಡಿಯುತ್ತ ಕೇಳಿಸಿಕೊಂಡ. “ಇಂಥಾ ಓಟ ಎಂದೂ ಓಡಿಲ್ರಿ ಈ ಪೇಜು. ಈಗ ಹೆಂಗ ತಗೀಲಿ? ಕೆಲಸ ಬ್ಯಾಡ ಅಂದ್ರ ಬಿಡ್ರಿ,” ಎಂದ. ಕೆಲಸ ಬಿಟ್ಟೆ. ಮನೆ ತಲುಪುವುದರೊಳಗೆ ಪೇಜಿನ ಪಾಸ್‌ವರ್ಡ್ ಬದಲಾಗಿತ್ತು. ಉಳಿದ ಹದಿನೆಂಟು ದಿನಾ ಏಳಕ್ಕೆ ಒಂದೊಂದಾಗಿ ಬೀಳುತ್ತ ಹೋದವು. ಅವನ್ನು ಸಾಲಾಗಿ ಜೋಡಿಸಿಟ್ಟವಳು ನಾನು, ಅವು ತಪ್ಪುವ ಸಂಭವವೇ ಇರಲಿಲ್ಲ. ಚಿಗವ್ವ ಆ ಹದಿನೆಂಟು ದಿನವೂ ಕುಂಕುಮ ಇಟ್ಟುಕೊಂಡು ಗಿರಣಿಗೆ ಹೋದಳು, ಅಂಗಡಿಗೆ ಹೋದಳು. ಜನ ಒಮ್ಮೆ ಫೋನು ನೋಡಿ ಒಮ್ಮೆ ಅವಳ ಹಣೆ ನೋಡಿ ನಗುತ್ತಿದ್ದರೆಂದು ಅವ್ವ ನನಗೆ ಹೇಳಿದಳು. ಹೇಳುವಾಗ ಅವ್ವನೂ ನನ್ನ ಮುಖ ನೋಡಲಿಲ್ಲ.

ಆ ಹದಿನೆಂಟರಲ್ಲಿ ಹದಿನೇಳನೆಯದು ಬಿದ್ದ ದಿನ ಬೆಳಿಗ್ಗೆ ಚಿಗವ್ವನದೇ ಫೋನು ಬಂತು. ಇಷ್ಟು ದಿನದಲ್ಲಿ ಮೊದಲ ಸಲ. ನಾನು ಮಾತಾಡುವ ಮೊದಲೇ ಕೇಳಿದಳು, “ಇವತ್ತಿನ ವಿಡಿಯೊ ನೋಡೀ ಏನು? ಹಿಂದಿನ ಕೊಡ ನೋಡು. ನಾ ಬಗ್ಗಿದಾಗ.”

ತೆರೆದು ನೋಡಿದೆ. ಹಸಿರು ಸೀರೆ. ರೊಟ್ಟಿ ಎತ್ತಲು ಅವಳು ಪಕ್ಕಕ್ಕೆ ತಿರುಗಿ ಬಾಗುತ್ತಾಳೆ, ಹಿತ್ತಾಳೆ ಕೊಡದ ಹೊಟ್ಟೆಯ ಮೇಲೆ ಅವಳ ಮುಖ ಮೂಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಹಣೆ ಬೋಳು, ಕೊಡದೊಳಗಿನ ಹಣೆಯಲ್ಲಿ ಮಾತ್ರ ಕೆಂಪು ಬೊಟ್ಟು. ನಾನು ಎಷ್ಟು ದೊಡ್ಡದು ಮಾಡಿ ಒರೆಸಿದ್ದೆನೆಂದರೆ, ಅವಳ ಹಣೆಯ ಹೊರಗೆ ಏನಿದೆಯೆಂದು ನೋಡಿಯೇ ಇರಲಿಲ್ಲ.

“ನಿಮ್ಮ ಕಾಕಾ ತಿಕ್ಕಿದ ಕೊಡ ಅದು,” ಎಂದಳು ಚಿಗವ್ವ. “ಬೇಕಂತ ಬಿಟ್ಟೀ ಏನು?”

ಹೂಂ ಎನ್ನಬಹುದಿತ್ತು. ಅವಳೂ ಅದನ್ನೇ ಕೇಳಲು ಕಾದಿದ್ದಳೋ ಏನೋ.

“ಇಲ್ಲ ಚಿಗವ್ವಾ. ನನ್ನ ಕಣ್ಣಿಗೆ ಬೀಳಲಿಲ್ಲ.”

“ಅದಕ್ಕ ಉಳದೈತಿ,” ಎಂದು ಅವಳು ಫೋನು ಇಟ್ಟಳು.