ಸಣ್ಣ ದನಿಯ ಎದುರಾಳಿ

ಮೊನ್ನೆ ಆಂಧ್ರ ಗಡಿಯ ಆದವಾನಿಯ ಮಾರ್ಕೆಟ್ ರಸ್ತೆಯ ಗಂಧಿಗೆ ಅಂಗಡಿಯಲ್ಲಿ ಮಗಳ ಕೆಮ್ಮಿಗೆಂದು ಅತಿಮಧುರದ ಬೇರು ಕೇಳಿದೆ. ಅಂಗಡಿಯವನು ಬೇರು ಮುರಿದು ಕಾಗದದಲ್ಲಿ ಕಟ್ಟುವಾಗ ಮಣ್ಣು ಬೆರೆತ ಆ ಸಿಹಿ ವಾಸನೆ ಮೂಗಿಗೆ ಬಂತು. ಕೈ ಚಾಚಿದವಳು ಹಾಗೆಯೇ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದಿನ ಒಂದು ಮಹಡಿ ಕೋಣೆ, ಅಲ್ಲಿ ಈ ಬೇರನ್ನು ಕಚ್ಚಿಕೊಂಡು ಕೂತಿರುತ್ತಿದ್ದ ವಕೀಲಮ್ಮ...

ಆಗ ನಾನು ಕಾನೂನು ಓದು ಮುಗಿಸಿ, ಆಲೂರಿನಿಂದ ದಿನಾ ಬಸ್ಸು ಹಿಡಿದು ಆದವಾನಿಗೆ ಬರುತ್ತಿದ್ದೆ. ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಜೂನಿಯರ್. ನಮ್ಮಲ್ಲಿಗೆ ಬರುತ್ತಿದ್ದುದು ವ್ಯಾಪಾರದ ಜಗಳಗಳು ಮಾತ್ರ: ಹತ್ತಿ ಖರೀದಿಯ ಕರಾರು, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಪಾಲುದಾರಿಕೆ, ಕಳಪೆ ಮಾಲಿನ ತಕರಾರು. ಆ ವರ್ಷ ಹತ್ತಿಯ ಸೀಸನ್ ಶುರುವಾದರೂ ನಮ್ಮ ಬೆಂಚು ಖಾಲಿ ಉಳಿಯತೊಡಗಿತು. ನೋಟೀಸು ಕಳಿಸಿ ಎಂದು ಅವಸರ ಮಾಡಿದವರೇ ಕೇಸು ಹಾಕುವ ಹೊತ್ತಿಗೆ ಕಾಣಿಸುತ್ತಿರಲಿಲ್ಲ.

"ನಮ್ಮ ಕಕ್ಷಿದಾರರನ್ನ ಯಾರೋ ಎಳಕೊಳ್ಳಾಕತ್ತಾರ. ಯಾರು ಅಂತ ತಿಳಕೊಂಡು ಬಾರಮ್ಮ," ಎಂದರು ಸೀನಿಯರ್. "ಎದುರಾಳಿ ಯಾರು ಅನ್ನೋದ ಗೊತ್ತಿಲ್ದ ಆಫೀಸ್ ನಡಸೋದು ಹೆಂಗ?"

ಸ್ಟೇಷನ್ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಆಫೀಸೊಂದು ಬಂದಿತ್ತು. ಅವರೇ ಇರಬೇಕೆಂದು ಏನೋ ನೆಪ ಹೂಡಿ ಒಳಗೆ ಹೋದೆ. ಅಲ್ಲಿಯೂ ಕುರ್ಚಿಗಳು ಖಾಲಿ. ಅಲ್ಲಿನ ಜೂನಿಯರ್ ನನ್ನನ್ನೇ ಕೇಳಿದ: "ಎಲ್ಲಾರೂ ನಿಮ್ಮ ಕಡೆ ಹೊಂಟಾರೇನು ಮೇಡಂ?"

ಕೊನೆಗೆ ನಮ್ಮ ಕಕ್ಷಿದಾರನೊಬ್ಬನನ್ನೇ ಹುಡುಕಿಕೊಂಡು ಅವನ ಜಿನ್ನಿಂಗ್ ಮಿಲ್ಲಿಗೆ ಹೋದೆ. ಅವನು ಸೋದರಮಾವನ ಜೊತೆ ಆ ಜಿನ್ನಿಂಗ್ ಮಿಲ್ಲಿನ ಪಾಲುದಾರ. ಇಬ್ಬರಿಗೂ ಮುರಿದುಬಿದ್ದಿತ್ತು. ತೀರ್ಪು ಬರುವ ತನಕ ಮಿಲ್ಲಿಗೆ ಬೀಗ ಹಾಕಿಸಲು ನಮ್ಮ ಅರ್ಜಿ ಸಿದ್ಧವಾಗಿತ್ತು; ಅವನ ಸಹಿಯೊಂದೇ ಬಾಕಿ. ತಲೆಯ ತುಂಬ ಹತ್ತಿ ಎಳೆ ಅಂಟಿಸಿಕೊಂಡು ಹೊರಬಂದವನು ಕತ್ತು ಕೆರೆದುಕೊಂಡ.

"ನಿಜಂಗಾ, ಯಾವ ಆಫೀಸಿಗೂ ಹೋಗಿಲ್ರಿ ಮೇಡಂ. ನಾಳೆ ವಕೀಲಮ್ಮ ಕರದಾರ. ಮಾವನೂ ಬರ್ತಾನ. ಬೇಕಾದ್ರ ನೀವೂ ಬರ್ರಿ."

ವಕೀಲಮ್ಮನ ವಿಷಯ ನಾನೂ ಕೇಳಿದ್ದೆ. ಆಕೆ ಕೋರ್ಟಿನಲ್ಲಿ ವಾದಕ್ಕೆ ನಿಂತರೆ ಹೊರಗೆ ಚಹಾ ಕುಡಿಯುತ್ತಿದ್ದವರೂ ಲೋಟ ಇಟ್ಟು ಬಂದು ಕೇಳುತ್ತಿದ್ದರಂತೆ. ಆಮೇಲೆ ಗಂಟಲಿಗೆ ರೋಗ ಬಂತು. ಆಪರೇಷನ್ನಿನಲ್ಲಿ ದನಿ ಹೋಯಿತು. ಉಳಿದದ್ದು ಹಾಳೆ ಮಗುಚಿದಷ್ಟು ಸಣ್ಣ ಸದ್ದು. ಆಕೆ ಕರಿಕೋಟು ಬಿಚ್ಚಿಟ್ಟರು. ಅಲ್ಲಿಗೆ ಮುಗಿಯಿತೆಂದು ಊರೆಲ್ಲ ತಿಳಿದುಕೊಂಡಿತ್ತು.

ಮರುದಿನ ಹೋದೆ. ಹತ್ತಿ ಮಾರ್ಕೆಟ್ಟಿನ ಹಿಂದಿನ ಮಹಡಿ ಕೋಣೆ, ಬೋರ್ಡು ಕೂಡ ಇಲ್ಲ. ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡ ವಕೀಲಮ್ಮ ನಡುವೆ. ಆಚೆ ಮಾವ, ಈಚೆ ಅಳಿಯ. ಇಬ್ಬರೂ ಕೂಗಾಡುತ್ತಿದ್ದರು. ವಕೀಲಮ್ಮ ಏನೋ ಹೇಳಿದರು. ಯಾರಿಗೂ ಕೇಳಿಸಲಿಲ್ಲ. ಆಕೆ ಚಪ್ಪಾಳೆ ತಟ್ಟಲಿಲ್ಲ, ಮೇಜು ಕುಟ್ಟಲಿಲ್ಲ. ಬೇರು ಕಚ್ಚುತ್ತ ಸುಮ್ಮನೆ ನೋಡಿದರು.

"ಏನಂದ್ರಮ್ಮಾ?" ಎಂದು ಮಾವನೇ ನಿಲ್ಲಿಸಿದ. ಆಕೆಯ ತುಟಿ ಮತ್ತೆ ಅಲುಗಿತು. ಇಬ್ಬರೂ ಮುಂದಕ್ಕೆ ಬಾಗಿದರು, ತಲೆಗೆ ತಲೆ ತಾಗುವಷ್ಟು. ಹೊರಗೆ ಲಾರಿಯೊಂದು ಗುಡುಗಿತು. ಅಳಿಯ ತಾನೇ ಎದ್ದು ಕಿಟಕಿ ಮುಚ್ಚಿದ.

"ನನಗ ಓದಾಕ ದನಿ ಇಲ್ಲ. ನೀವ ಓದ್ರಿ."

ಅಳಿಯನ ಪರವಾಗಿ ನಮ್ಮ ಆಫೀಸಿನಿಂದ ಹೋಗಿದ್ದ ತೆಲುಗು ನೋಟೀಸನ್ನು ಮಾವನ ಕೈಗೆ ಕೊಟ್ಟರು. ಅವನು ಮೊದಮೊದಲು ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವ ದನಿಯಲ್ಲೇ ಓದಿದ. 'ವಯಸ್ಸಾದ, ಮರೆವು ಹತ್ತಿದ, ಮಿಲ್ಲು ನಡೆಸಲು ಯೋಗ್ಯನಲ್ಲದ ಸದರಿ ವ್ಯಕ್ತಿ' ಎಂಬಲ್ಲಿ ದನಿ ಇಳಿಯಿತು. ಅಪ್ಪನಿಲ್ಲದ ಅಳಿಯನನ್ನು ಸಾಕಿದವನು ಅವನೇ. ಬೆರಳಲ್ಲಿ ಎಳೆ ಎಳೆದು ಹತ್ತಿಯ ಗುಣ ನೋಡುವುದನ್ನು ಕಲಿಸಿದವನೂ ಅವನೇ. ಅರ್ಥವಾಗದವನ ಹಾಗೆ ಆ ಸಾಲನ್ನು ಇನ್ನೊಮ್ಮೆ, ಮೆಲ್ಲಗೆ ಓದಿದ.

"ಸಾಕು ಬಿಡು ಮಾವಾ," ಎಂದ ಅಳಿಯ.

ವಕೀಲಮ್ಮ ಬೆರಳೆತ್ತಿದರು. "ಪೂರ್ತಿ ಓದ್ಲಿ. ಆಮ್ಯಾಲ ನೀನು."

ಮಾವ ಬರೆಸಿದ ಉತ್ತರವನ್ನು ಅಳಿಯ ಓದಬೇಕಾಯಿತು. 'ದಿಕ್ಕಿಲ್ಲದೆ ನಮ್ಮ ಮನೆಗೆ ಬಂದು ಬಿದ್ದವನು' ಎಂಬ ಸಾಲಿಗೆ ಬಂದವನು ಹಾಳೆಯನ್ನು ಕೆಳಗಿಟ್ಟುಬಿಟ್ಟ. ಮುಂದೆ ಓದಲಾಗಲಿಲ್ಲ. ಮಾವ ಗೋಡೆ ನೋಡುತ್ತ, "ಸಿಟ್ಟಿನಾಗ ಬರಸೀನಿ," ಎಂದ.

"ಕೋರ್ಟಿನಾಗ ಇವನ್ನ ನಾವು ವಕೀಲರು ಓದ್ತೀವಿ," ಎಂದರು ವಕೀಲಮ್ಮ. "ಅಲ್ಲಿ ನಿಮಗ ಇಷ್ಟು ನಾಟಂಗಿಲ್ಲ. ಓದೋ ದನಿ ನಮ್ಮದಿರ್ತದಲ್ಲ."

ಬಾಗಿಲ ಬಳಿ ನಿಂತಿದ್ದ ನಾನು ನಮ್ಮ ಆಫೀಸಿನ ಆ ನೋಟೀಸಿನತ್ತ ನೋಡಿದೆ.

ಆಮೇಲೆಯೇ ಆಕೆ ಕರಾರು ಬಿಚ್ಚಿದ್ದು. ಕೋರ್ಟಿಗೆ ಹೋದರೆ ಯಾರಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಅದೇ ಸಣ್ಣ ದನಿಯಲ್ಲಿ ಬಿಡಿಸಿ ಹೇಳಿದರು. ಯಾರ ಪರವಾಗಿಯೂ ಒಂದು ಮಾತು ಹೆಚ್ಚಾಡಲಿಲ್ಲ. ಸಂಜೆಯ ಹೊತ್ತಿಗೆ ಖರೀದಿ ಮಾವನ ಕೈಗೆ, ಯಂತ್ರಗಳು ಅಳಿಯನ ಕೈಗೆ ಎಂದಾಯಿತು. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ಒಬ್ಬರ ಹಿಂದೊಬ್ಬರು ಮೆಟ್ಟಿಲಿಳಿದರು. ಆದರೆ ಹೋದದ್ದು ಒಂದೇ ಬೈಕಿನಲ್ಲಿ.

"ಎದುರಾಳಿ ಸಿಕ್ಕರು ಸರ್," ಎಂದು ಸೀನಿಯರ್‌ಗೆ ಎಲ್ಲ ಹೇಳಿದೆ.

"ಆಕಿಗೆ ದನೀನ ಇಲ್ಲಲ್ಲ!" ಎಂದರು. ಮರುದಿನ ನನ್ನನ್ನೂ ಕರೆದುಕೊಂಡು ಆ ಮಹಡಿ ಹತ್ತಿದರು. ನಮ್ಮ ಬೋರ್ಡಿನಲ್ಲಿ ನಿಮ್ಮ ಹೆಸರೂ ಬರಲಿ, ಪಾಲುದಾರರಾಗಿ ಬನ್ನಿ ಎಂದು ಕೇಳಿಕೊಂಡರು.

ವಕೀಲಮ್ಮ ನಕ್ಕರು. ಸದ್ದಿರಲಿಲ್ಲ, ಭುಜಗಳಷ್ಟೇ ಕುಣಿದವು. "ಬ್ಯಾಡ್ರಿ. ನೀವು ಕೋರ್ಟಿಗೆ ಎಳೀತೀರಿ ಅನ್ನೋ ಅಂಜಿಕಿ ಐತಿ, ಅದಕ್ಕ ನನ್ನ ಹತ್ರ ಬರ್ತಾರ. ನಾವಿಬ್ಬರೂ ಒಂದ ಕಡೆ ಕೂತ್ರ ಅವರು ಅಂಜೋದು ಯಾರಿಗೆ?"

ಸೀನಿಯರ್ ಕೋಣೆ ತುಂಬುವಂತೆ ನಕ್ಕರು. ಇಳಿದು ಬರುವಾಗ ಮೆಟ್ಟಿಲ ಮೇಲೆ ನಿಂತು, "ಇಂಥಾ ಎದುರಾಳಿ ಇರೋದು ನಮಗ ಮರ್ಯಾದಿ," ಎಂದರು. ಅಂದಿನಿಂದ ಬಿಡುವಿದ್ದಾಗಲೆಲ್ಲ ಹೋಗಿ ಆ ಕೋಣೆಯಲ್ಲಿ ಕೂತು ಬಾ ಎಂದು ನನ್ನನ್ನು ಕಳಿಸುತ್ತಿದ್ದರು. ಎಷ್ಟು ಕೂತರೂ ಆಕೆಯ ವಿದ್ಯೆ ನನಗೆ ಪೂರ್ತಿ ಹಿಡಿತಕ್ಕೆ ಬರಲಿಲ್ಲ...

ಕೆಲವು ವರ್ಷಕ್ಕೆ ವಕೀಲಮ್ಮನಿಗೆ ರೋಗ ತಿರುಗಿ ಬಂತು. ಆ ಸಣ್ಣ ಸದ್ದೂ ಹೋಯಿತು. ಆಕೆ ತೀರಿಕೊಂಡ ದಿನ ಮೆಟ್ಟಿಲ ಕೆಳಗೆ ಹತ್ತಿ ವ್ಯಾಪಾರಿಗಳೆಲ್ಲ ನೆರೆದಿದ್ದರು. ಸವಾಲು ಕೂಗಿ ಕೂಗಿ ಗಂಟಲು ದೊಡ್ಡದಾದ ಗಂಡಸರು. ಯಾರೊಬ್ಬರೂ ದನಿ ಎತ್ತಲಿಲ್ಲ.

ಈಗ ಸೀನಿಯರ್ ಆಫೀಸು ನಡೆಸುವವಳು ನಾನು. ನಮ್ಮ ಬೆಂಚು ತುಂಬಿರುತ್ತದೆ, ಗಾಜಿನ ಬಾಗಿಲಿನವರ ಕುರ್ಚಿಗಳೂ ತುಂಬಿರುತ್ತವೆ. ಈಚೆಗೆ ಸಿ. ಬೆಳಗಲ್ ಕಡೆಯ ಇಬ್ಬರು ಪಾಲುದಾರರು ನನ್ನ ಮೇಜಿನ ಮುಂದೆಯೇ ಜಗಳಕ್ಕೆ ಬಿದ್ದರು. ನನಗೇನು ತೋಚಿತೋ, ವಕೀಲಮ್ಮನ ಹಾಗೆ ದನಿಯನ್ನು ಆದಷ್ಟು ತಗ್ಗಿಸಿ ಮಾತಾಡಿದೆ. ಸುಮ್ಮನಾಗಿ ಕಾದೆ.

ಅವರಲ್ಲೊಬ್ಬ ನನ್ನತ್ತ ತಿರುಗಿದ. "ಮೇಡಂ, ಜೋರಾಗಿ ಹೇಳ್ರಿ. ಏನೂ ಕೇಳವಲ್ದು."

ಜೋರಾಗಿಯೇ ಹೇಳಿದೆ.