ಎಡಗಡೆಯ ಮುಳ್ಳು

ಅವಳ ಗಂಡ ಗಿಟಾರಿನ ಸದ್ದು ಏರಿಸುವ ಆಂಪ್ ರಿಪೇರಿ ಮಾಡುತ್ತಿದ್ದ. ಹಳೆಯ ಕಾಲದ, ಗಾಜಿನ ವಾಲ್ವ್ ಹಾಕುವ ಆಂಪ್‌ಗಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೇರೆ ಹೆಂಗಸರ ಕಡೆ ಕಣ್ಣೆತ್ತಿ ನೋಡುವವನಲ್ಲ. ಎತ್ತಿದರೂ ಸರಿಯಾಗಿ ಕಾಣುತ್ತಿರಲಿಲ್ಲ, ಅದು ಬೇರೆ ಮಾತು. ಆದರೂ ಅವಳು ಹೊಟ್ಟೆಕಿಚ್ಚಿನಲ್ಲಿ ಬೆಂದಳು. ಶುರುವಾದದ್ದು ಒಂದು ಸ್ಟೂಲಿನಿಂದ.

ಆಂಪ್‌ನ ಹಿಂದುಗಡೆ ಎರಡು ದೊಡ್ಡ ವಾಲ್ವ್ ಇರುತ್ತವೆ. ಎರಡೂ ಸಮಸಮವಾಗಿ ಕರೆಂಟು ಎಳೆಯಬೇಕು. ಇಲ್ಲದಿದ್ದರೆ ಒಂದು ದುಡಿದು ದುಡಿದು ಕೆಂಪಾಗುತ್ತದೆ, ಇನ್ನೊಂದು ಕೂತು ತಿನ್ನುತ್ತದೆ. ಡಬ್ಬಿಯಿಂದ ತೆಗೆದಾಗ ಎಲ್ಲವೂ ಒಂದೇ ಥರ ಕಾಣುತ್ತವೆ. ಆದರೆ ಒಂದರ ಹಸಿವು ಇನ್ನೊಂದಕ್ಕಿಲ್ಲ. ಅದಕ್ಕೇ ಅವನು ಒಂದೊಂದನ್ನೇ ಪರೀಕ್ಷೆಯ ಪೆಟ್ಟಿಗೆಗೆ ಸಿಕ್ಕಿಸಿ, ಚೆನ್ನಾಗಿ ಕಾಯಲು ಬಿಟ್ಟು, ಅಳೆದು, ಅಳತೆ ಕೂಡಿದ ಎರಡನ್ನು ನೂಲಿನಿಂದ ಕಟ್ಟಿಡುತ್ತಿದ್ದ.

ಪೆಟ್ಟಿಗೆಯನ್ನು ಅವನೇ ಮಾಡಿದ್ದು. ಅದಕ್ಕೆ ಎರಡು ಮೀಟರ್. ಎಡಗಡೆಯ ಮುಳ್ಳು ಮನೆಗೆ ಬರುವ ಕರೆಂಟು ತೋರಿಸುತ್ತದೆ, ಅದು ಇಳಿದರೆ ಗುಂಡಿ ತಿರುಗಿಸಿ ಏರಿಸಬೇಕು. ಬಲಗಡೆಯದು ವಾಲ್ವ್ ಎಷ್ಟು ಎಳೆಯುತ್ತಿದೆ ಅನ್ನುವುದನ್ನು ತೋರಿಸುತ್ತದೆ. ಸಣ್ಣ ಗೆರೆಗಳು ಅವನಿಗೆ ಕಾಣವು. ಅವಳು ಸ್ಟೂಲಿನ ಮೇಲೆ ಕೂತು ಓದಿ ಹೇಳಬೇಕು. ಅವನು ಬಾಯಿ ತೆರೆಯುವ ಮೊದಲೇ ಅವಳು ಹೇಳುತ್ತಿದ್ದಳು.

"ಎಡ ಇಳಿದಿದೆ. ಗುಂಡಿ ತಿರುಗಿಸಿ. ಇನ್ನೊಂಚೂರು. ಸಾಕು. ಈಗ ಬಲ, ಮೂವತ್ತಾರು."

ಇಡೀ ದಿನದಲ್ಲಿ ಅವಳ ಮಾತಿಗೆ ಅವನು ಎದುರಾಡದ ಹೊತ್ತು ಅದೊಂದೇ.

ಆಮೇಲೆ ಕೆಟ್ಟ ಆಂಪ್ ಹೊತ್ತುಕೊಂಡು ಗಿಟಾರಿನವಳು ಬಂದಳು. ಹೋಟೆಲುಗಳಲ್ಲಿ ಬಾರಿಸುವವಳು. ಅವನನ್ನು ಅಣ್ಣ ಅಂದಳು, ಇವಳನ್ನು ಅಕ್ಕ ಅಂದಳು. ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಆದರೆ ಅವಳು ಬಾರಿಸಿದಾಗ ಅವನು ಬೆಂಚಿಗೆ ಒರಗಿ ಕಣ್ಣು ಮುಚ್ಚಿದ. ಹಣೆಯ ಗಂಟು ಬಿಚ್ಚಿತು. ತನ್ನ ಅಡುಗೆಗೆ, ಹೊಸ ಬಟ್ಟೆಗೆ, ಮಾತಿಗೆ ಆ ಗಂಟು ಬಿಚ್ಚಿದ್ದನ್ನು ಹೆಂಡತಿ ಒಂದು ದಿನವೂ ಕಂಡಿರಲಿಲ್ಲ.

ಊಟಕ್ಕೆ ಕೂತಾಗ ಅಂದ, "ಆ ಹುಡುಗಿಗೆ ಕಿವಿ ಇದೆ ಕಣೇ."

"ನನಗಿರೋದು ಓಲೆ ನೇತು ಹಾಕೋಕಾ?"

ಅವನು ನಕ್ಕ. ನಗಲಿ ಅಂತ ಅವಳು ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಸಾಮಾನು ತೆಗೆದುಕೊಂಡು ಬಂದಾಗ ಸ್ಟೂಲಿನ ಮೇಲೆ ಗಿಟಾರಿನವಳು ಕೂತಿದ್ದಳು.

"ಇದೂ ಮೂವತ್ತಾರೇ ಅಣ್ಣ. ಜೋಡಿ ಸಿಕ್ತು."

ಅವನು ಆಗಲೇ ನೂಲು ಸುತ್ತುತ್ತಿದ್ದ. "ಬಂದ್ಯಾ? ಟೀ ಇಡು," ಅಂದ.

ಇಟ್ಟಳು. ಸಕ್ಕರೆ ಹಾಕಲಿಲ್ಲ. ಇಬ್ಬರೂ ಚೆನ್ನಾಗಿದೆ ಅಂದುಕೊಂಡು ಕುಡಿದರು.

ವಾರ ಕಳೆಯುವ ಮೊದಲೇ ಗಿಟಾರಿನವಳು ಆಂಪ್ ವಾಪಸು ತಂದಳು. ಒಂದು ವಾಲ್ವ್‌ನ ಒಳಗಿನ ತಗಡು ಕೆಂಡದ ಹಾಗೆ ಕೆಂಪಾಗುತ್ತಿತ್ತು.

"ಅಳತೆ ಕೂಡಿತ್ತಲ್ಲ," ಅಂದ ಅವನು. "ವಾಲ್ವೇ ಸರಿಯಿಲ್ಲ." ಕಸದ ಡಬ್ಬಿಗೆ ಹಾಕಲು ಅದನ್ನು ಕಿತ್ತ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಅವತ್ತು ಎಡಗಡೆ ಮುಳ್ಳು ನೋಡಿದ್ಯಾ?" ಎಂದು ಗಿಟಾರಿನವಳನ್ನು ಕೇಳಿದಳು.

"ಎಡಗಡೆಯದಾ? ಅದನ್ನೂ ನೋಡ್ಬೇಕಾ ಅಕ್ಕ?"

"ನಿಮ್ಮಣ್ಣನ್ನೇ ಕೇಳು."

ಅಣ್ಣ ಹೇಳಿಕೊಟ್ಟಿರಲಿಲ್ಲ. ಅಲ್ಲೊಂದು ಮುಳ್ಳಿದೆ ಅನ್ನುವುದನ್ನೇ ಅವನು ಮರೆತಿದ್ದ. ಅದು ಯಾವಾಗಲೂ ಹೆಂಡತಿಯ ಬಾಯಿಂದ ತಾನಾಗಿ ಬರುತ್ತಿತ್ತು. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕೆಲಸ ಶುರು ಮಾಡಿದರೆ ಈ ಮನೆಯ ಕರೆಂಟು ಕುಗ್ಗುತ್ತದೆ. ಆಗ ಅಳೆದರೆ ಹೊಟ್ಟೆಬಾಕ ವಾಲ್ವ್ ಕೂಡ ಮಿತವಾಗಿ ತಿನ್ನುವಂತೆ ತೋರುತ್ತದೆ. ಮೊದಲನೆಯದನ್ನು ಅಳೆದದ್ದು ಕರೆಂಟು ಚೆನ್ನಾಗಿದ್ದಾಗ, ಎರಡನೆಯದನ್ನು ಕುಗ್ಗಿದಾಗ.

ಅವನು ಕತ್ತು ಕೆರೆದುಕೊಂಡ. "ಇವಳೇ, ಬಂದು ಕೂತ್ಕೋ."

"ಕಿವಿ ಇರೋರು ಕೂತ್ಕೊಳ್ಳಲಿ. ನಾನು ಬರೀ ಕಣ್ಣಿರೋಳು."

"ಆಯ್ತು ಮಾರಾಯ್ತಿ, ತಪ್ಪಾಯ್ತು. ಬಾ."

ಗಿಟಾರಿನವಳ ಎದುರಿಗೇ ಹೇಳಿದ. ಹೆಂಡತಿ ಹೋಗಿ ಕೂತಳು. ಹೊಸ ಜೋಡಿ ಕೂಡಿತು. ಅಲ್ಲಿಂದ ಮುಂದೆ ಆ ಸ್ಟೂಲಿಗೆ ಬೇರೆ ಯಾರೂ ಬರಲಿಲ್ಲ. ಆದರೆ ಅವತ್ತೂ ಗಿಟಾರಿನವಳು ಬಾರಿಸಿ ನೋಡಿದಳು, ಅವತ್ತೂ ಅವನು ಕಣ್ಣು ಮುಚ್ಚಿದ. ಜಾಗ ಸಿಕ್ಕಿತು. ಆ ಮುಖ ಸಿಗಲಿಲ್ಲ.

ಕೆಲವು ವರ್ಷಗಳಾದ ಮೇಲೆ ಒಂದು ದಿನ ಅವನು ಎದೆ ಹಿಡಿದಿದೆ ಅಂದ. ಆಸ್ಪತ್ರೆಗೆ ನಡೆದುಕೊಂಡೇ ಹೋದ. ಬರಲಿಲ್ಲ. ಗಿಟಾರಿನವಳು ಬಾಗಿಲಲ್ಲೇ ಕೂತು ಗೋಳೋ ಎಂದು ಅತ್ತಳು. ಬಂದವರೆಲ್ಲ ಮೊದಲು ಅವಳನ್ನೇ ಸಮಾಧಾನ ಮಾಡಿದರು. ಕಣ್ಣೀರು ಬಾರದೆ ಕೂತಿದ್ದ ಹೆಂಡತಿಗೆ ಅದಕ್ಕೂ ಹೊಟ್ಟೆ ಉರಿಯಿತು.

ಮೊನ್ನೆ ಗಿಟಾರಿನವಳ ಆಂಪ್‌ನ ವಾಲ್ವ್ ಸವೆದವು. ತೆಗೆದುಕೊಂಡು ಬಂದಳು. "ಬೇರೆ ಕಡೆ ಕೊಡೋಕೆ ಮನಸ್ಸಾಗ್ಲಿಲ್ಲ ಅಕ್ಕ," ಅಂದಳು.

ಹೆಂಡತಿ ಅಟ್ಟದಿಂದ ಉಳಿದ ಡಬ್ಬಿಗಳನ್ನು ಇಳಿಸಿದಳು. ಗುಂಡಿಯನ್ನು ತಾನೇ ತಿರುಗಿಸಿದಳು, ಮುಳ್ಳುಗಳನ್ನು ತಾನೇ ಓದಿದಳು. ಸಾಯಂಕಾಲದ ಹೊತ್ತಿಗೆ ಕೂಡಿದ್ದು ಒಂದೇ ಜೋಡಿ. ಗಿಟಾರಿನವಳು ಅದನ್ನು ಹಾಕಿ ಬಾರಿಸಿದಳು. ಮುಗಿಸಿ ಮೂಗು ಒರೆಸಿಕೊಂಡಳು.

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೆಂಡತಿ ಕೇಳಿಯೇಬಿಟ್ಟಳು. "ಅವ್ರು ಕಣ್ಣು ಮುಚ್ಚಿಕೊಂಡು ಏನು ಕೇಳ್ತಿದ್ರು? ನಿನಗೆ ಗೊತ್ತಿರುತ್ತೆ."

ಗಿಟಾರಿನವಳು ತಲೆ ಎತ್ತಿದಳು. "ಅಣ್ಣ ಕಣ್ಣು ಮುಚ್ತಿದ್ರಾ? ನಾನು ನೋಡೇ ಇಲ್ವಲ್ಲ ಅಕ್ಕ. ಬಾರಿಸೋವಾಗ ನನ್ನ ಕಣ್ಣೆಲ್ಲ ತಂತಿ ಮೇಲೆ." ಹತ್ತಿರ ಬಂದಳು. "ಹೇಗೆ ಕಾಣ್ತಿದ್ರು? ಹೇಳಿ ಅಕ್ಕ."

ಆ ಮುಖವನ್ನು ಗಿಟಾರಿನವಳು ಒಂದು ಸಲವೂ ನೋಡಿಲ್ಲ. ನೋಡಿದವಳು ತಾನೊಬ್ಬಳೇ.

"ಇಲ್ಲ ಬಿಡು," ಅಂದಳು ಹೆಂಡತಿ. "ಏನೋ ಬಾಯಿ ತಪ್ಪಿ ಬಂತು. ಕಣ್ಣು ಬಿಟ್ಕೊಂಡೇ ಇರ್ತಿದ್ರು. ಆಂಪ್ ಆರಿಸು, ಸುಮ್ನೆ ಕಾಯ್ತಿದೆ."