ಆ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರು

ನನಗಾದ ಅನ್ಯಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಹಳ್ಳಿಯೊಂದರ ಕುಟುಂಬದ ಕಡಿದುಹೋದ ವಂಶವನ್ನು ಜೋಡಿಸಿಕೊಟ್ಟವನು ನಾನು. ಅಚ್ಚಾದ ವಂಶವೃಕ್ಷದ ಕೆಳಗೆ ಕೃತಜ್ಞತೆ ಸಂದದ್ದು ನನ್ನ ಅಳಿಯನಿಗೆ.

ಊರಿನ ಇಗರ್ಜಿಯಲ್ಲಿ ಮೂವತ್ತೊಂದು ವರ್ಷ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕ ಬರೆದವನು ನಾನು. ನಿವೃತ್ತನಾದ ಮೇಲೆ ದುಬೈಯ ಊದ್ ಮೇಥಾದಲ್ಲಿ ಮಗಳ ಮನೆಯಲ್ಲಿದ್ದೆ. ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದ ಇಂಗ್ಲಿಷ್ ಹೆಂಗಸೊಬ್ಬರು, ತಾಯಿಯ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ವಂಶವೃಕ್ಷವನ್ನು ಉಡುಗೊರೆ ಕೊಡಲೆಂದು, ತಮ್ಮ ಹಳ್ಳಿಯ ಚರ್ಚಿನ ಹಳೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದರು. ಅಲ್ಲಿ ರಜೆಯ ದಿನವಾದ ಒಂದು ಶುಕ್ರವಾರ ಇಗರ್ಜಿಯ ಪೂಜೆ ಮುಗಿದ ಮೇಲೆ ನಮ್ಮಲ್ಲಿ ಊಟಕ್ಕೆ ಬಂದವರು ತಟ್ಟೆ ಮುಟ್ಟದೆ ಕುಳಿತರು. ಕಮ್ಮಾರನ ಮಗನಾದ ಮುತ್ತಜ್ಜನ ಜ್ಞಾನಸ್ನಾನದ ದಾಖಲೆ ಸಿಕ್ಕಿತ್ತಂತೆ. ಹಿಂದೆಯೇ ಅವನನ್ನು ಎರಡನೆಯ ವರ್ಷದಲ್ಲಿ ಮಣ್ಣು ಮಾಡಿದ ದಾಖಲೆಯೂ ಸಿಕ್ಕಿತಂತೆ. ಎರಡು ವರ್ಷಕ್ಕೆ ಸತ್ತವನಿಗೆ ಮೊಮ್ಮಕ್ಕಳೆಲ್ಲಿಂದ? ಇಷ್ಟು ದಿನ ಹುಡುಕಿದ್ದು ಬೇರೆ ಯಾರದೋ ಕುಟುಂಬವನ್ನು ಎಂದು ಅವರು ಕೈಚೆಲ್ಲಿದ್ದರು.

“ಸತ್ತ ದಿನದಿಂದ ಮುಂದಕ್ಕೆ ನೋಡಲು ಹೇಳು,” ಎಂದೆ ಅಳಿಯನಿಗೆ. “ಮಗು ಹೋದರೂ ಅದಕ್ಕಿಟ್ಟ ಅಜ್ಜನ ಹೆಸರು ಹೋಗಬಾರದೆಂದು ಮುಂದಿನ ಮಗುವಿಗೆ ಅದನ್ನೇ ಇಡ್ತಾರೆ. ನಾನೇ ಎಷ್ಟು ಬರೆದಿಲ್ಲ!”

“ಮಾಮಾ, ಅದು ನಮ್ಮ ಊರಲ್ಲಿ. ಇಂಗ್ಲಿಷ್‌ನವರಿಗೆ ಹೆಸರಿಗೆ ಬರ ಉಂಟಾ? ನೀವು ಊಟ ಮಾಡಿ ಮಾರಾಯ್ರೆ, ಕೋಳಿ ತಣಿಯುತ್ತದೆ.”

ಮಗಳೂ ನಕ್ಕಳು. ಅದನ್ನೂ ನಾನು ಮರೆತಿಲ್ಲ.

ನಾನು ಬಿಡಲಿಲ್ಲ. ನನ್ನ ತಪ್ಪು ತೋರಿಸಲೆಂದೇ ಅವನು ಲ್ಯಾಪ್‌ಟಾಪ್ ತೆರೆದು ಪುಟ ಸರಿಸತೊಡಗಿದ. ನಾನು ಬೆನ್ನ ಹಿಂದೆ ನಿಂತು ಒಂದೊಂದು ಸಾಲನ್ನೂ ಓದಿದೆ. ಹನ್ನೊಂದನೆಯ ಪುಟ. ಅದೇ ಕಮ್ಮಾರ ತಂದೆ, ಅದೇ ತಾಯಿ, ಮಗುವಿಗೆ ಅದೇ ಹೆಸರು. ಅಣ್ಣನನ್ನು ಮಣ್ಣು ಮಾಡಿದ ಹದಿನಾಲ್ಕು ತಿಂಗಳಿಗೆ.

ಆ ಹೆಂಗಸು ಚೀರಿದರು, ಅತ್ತರು, ನಕ್ಕರು, ನನ್ನ ಮಗಳನ್ನು ಹಿಡಿದು ಹಾಲ್‌ನ ನಡುವೆ ಗಿರ್ರನೆ ತಿರುಗಿಸಿದರು. ತಣ್ಣಗಾದ ಕೋಳಿಯನ್ನು ಮೂರು ಸಲ ಬಡಿಸಿಕೊಂಡರು. ನನಗೂ ಕಣ್ಣು ತುಂಬಿತ್ತು: ಎಂದೋ ಆ ಹಳ್ಳಿಯಲ್ಲಿ ಕುಳಿತು ಬರೆದ ನನ್ನಂಥವನೊಬ್ಬನ ಸಾಲು ಒಂದಿಷ್ಟೂ ವಾಲಿರಲಿಲ್ಲ.

“ಖಲಾಸ್! ಸಿಗುತ್ತದೆ ಅಂತ ನನಗೆ ಗೊತ್ತಿತ್ತು,” ಎಂದು ಅಳಿಯ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ. ಅವರು ನಂಬಿದರು. ಪುಟ ಸರಿಸಿದ ಕೈ ಅವನದೇ ಅಲ್ಲವೇ?

ಆ ವಂಶವೃಕ್ಷದ ಚೌಕಟ್ಟು ಹಾಕಿಸಿದ ಒಂದು ಪ್ರತಿ ಅವನ ಹಾಲ್‌ನ ಗೋಡೆಯ ಮೇಲೆ ಇಂದಿಗೂ ಇದೆ. ಅಳಿಯಂದಿರೇ, ಹೆಸರಿಗೆ ಬರವಿಲ್ಲದವರ ಆ ಕಾಗದದಲ್ಲಿ ನನ್ನದೊಂದಕ್ಕೆ ಮಾತ್ರ ಬರ ಬಂದದ್ದು ಹೇಗೆ?